ಮಲ್ಲಿಗೆ ಕಟ್ಟಿದ ಹಾಗೆ ವಯರು ಕಟ್ಟಿದೆ

ಮೊನ್ನೆ ಆದಿತ್ಯವಾರ ನನ್ನ ಮೊಮ್ಮಗಳು ಸಾನ್ವಿ ಮೈಕಿನ ಎದುರು ಬಾಯಿ ತೆರೆದಳು. ಸ್ಪೀಕರಿನಿಂದ ಮೊದಲು ಬಂದದ್ದು ಅವಳ ಸ್ವರವಲ್ಲ. ‘ಗುಂಯ್ಯ್...’ ಎಂದು ಒಂದು ಹಿಂಡು ಜೇನುನೊಣ!

ಸಂಜೆ ಐದರೊಳಗೆ ಹಾಡು ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಮಕ್ಕಳ ಯಕ್ಷಗಾನ ತಂಡದಲ್ಲಿ ಭಾಗವತಿಕೆ, ಅಂದರೆ ಆಟಕ್ಕೆ ಪದ್ಯ ಹಾಡುವುದನ್ನು, ಕಲಿಯಲು ಒಬ್ಬರನ್ನು ಮಾತ್ರ ಆರಿಸುತ್ತಾರೆ. ಹತ್ತು ವರ್ಷದ ಹುಡುಗಿಗೆ ಒಂದು ತಿಂಗಳಿಂದ ಬಚ್ಚಲಲ್ಲೂ ಅದೇ ಪದ್ಯ. (ಟ್ಯಾಂಕಿನ ನೀರು ಖಾಲಿಯಾದರೂ ಪದ್ಯ ಮುಗಿಯುವುದಿಲ್ಲ.)

ನಾಲ್ಕು ಸಲ ಹಾಡಿದಳು. ನಾಲ್ಕು ಸಲವೂ ಜೇನುನೊಣ. ಕೊನೆಗೆ ಮೈಕ್ ಕೆಳಗಿಟ್ಟಳು.

“ಅಜ್ಜಿ, ನನ್ನ ಸ್ವರವೇ ಸರಿ ಇಲ್ಲ. ನಾನು ಕಳಿಸುದಿಲ್ಲ.”

ನನ್ನ ಮಗ ದಿನೇಶನದ್ದು ಒಂದೇ ಮಂತ್ರ: “ಹಳೇ ಆಂಪ್ಲಿಫೈಯರ್ ಅಮ್ಮ, ಹೊಸತು ತರುವ.” ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಗೆ ಯಾವ ಅಂಗಡಿಯಿಂದ?

ನಾನು ಓದಿದ್ದು ಐದನೇ ಕ್ಲಾಸು. ಆದರೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತು. ಬಿಕರ್ನಕಟ್ಟೆಯ ಹಮೀದ್, ಮದುವೆಗಳಿಗೆ ಮೈಕ್ ಹಾಕುವವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಅಮ್ಮ, ಆಂಪ್ಲಿಫೈಯರಿನ ಹಿಂದೆ ವಯರೆಲ್ಲ ಹೇಗೆ ಉಂಟು?”

“ಚಂದ ಉಂಟು ಮಾರಾಯ! ನಾನೇ ಕಟ್ಟಿದ್ದು.”

ನೆಂಟರು ಬರುತ್ತಾರೆಂದು ಕಳೆದ ವಾರ ಅಷ್ಟೂ ವಯರುಗಳನ್ನು ಸೇರಿಸಿ ಬಾಳೆನಾರಿನಲ್ಲಿ ಬಿಗಿದಿದ್ದೆ. ಉಳಿದ ಉದ್ದವನ್ನು ಮಲ್ಲಿಗೆ ಚೆಂಡಿನ ಹಾಗೆ ಸುತ್ತಿಟ್ಟಿದ್ದೆ. ನಲವತ್ತು ವರ್ಷ ಮಲ್ಲಿಗೆ ಕಟ್ಟಿದ ಕೈ, ಸುಮ್ಮನೆ ಇರುತ್ತದೆಯೇ?

ಹಮೀದ್ ನಕ್ಕದ್ದು ನಮ್ಮ ಮಣ್ಣಗುಡ್ಡಕ್ಕೆಲ್ಲ ಕೇಳಿರಬೇಕು. “ಎಂತ ಅಮ್ಮ ನೀವು! ಕರೆಂಟಿನ ವಯರಿಗೆ ಮೈಕಿನ ವಯರು ತಾಗಿಸಿ ಕಟ್ಟಿದ್ರೆ ಅದರ ಗುಂಯ್ ಇದಕ್ಕೆ ಹತ್ತದೆ ಇರ್ತದಾ? ಬೇರೆ ಬೇರೆ ಮಾಡಿ. ದಾಟಿಸಲೇಬೇಕಾದ್ರೆ ಅಡ್ಡ ದಾಟಿಸಿ, ಉದ್ದಕ್ಕೆ ಒಟ್ಟಿಗೆ ಓಡಿಸ್ಬೇಡಿ. ಮೊದಲು ಸ್ವಿಚ್ ಆಫ್!”

ಸ್ವಿಚ್ ಆಫ್ ಮಾಡಿ, ಟೇಬಲಿನ ಹಿಂದೆ ನುಗ್ಗಿ, ನಾನು ಹಾಕಿದ ಗಂಟುಗಳನ್ನು ನಾನೇ ಕತ್ತರಿಸಿದೆ. ಕರೆಂಟಿನದ್ದು ಎಡಗೋಡೆಗೆ. ಮೈಕಿನದ್ದು ಬಲಕ್ಕೆ. ಒಂದೇ ಕಡೆ ದಾಟಿಸಬೇಕಾಯಿತು, ಅಲ್ಲಿ ಪ್ಲಸ್ ಚಿಹ್ನೆಯ ಹಾಗೆ ಅಡ್ಡ. ನೋಡಲು ಚಂದವೇ ಇಲ್ಲ. ಆಗಲಿ!

ಸ್ವಿಚ್ ಹಾಕಿದೆ. ಮೌನ.

“ಅಮ್ಮ, ಕರೆಂಟ್ ಉಂಟಾ?” ದಿನೇಶನಿಗೆ ಸಂಶಯ.

ಸಾನ್ವಿ ಹಾಡಿದಳು. ಅಬ್ಬಾ! ಒಂದು ಎಳೆ ಆಚೀಚೆ ಇಲ್ಲದ ಸ್ವರ, ಕೋಣೆ ತುಂಬಾ ಅದೊಂದೇ. ರೆಕಾರ್ಡಿಂಗ್ ಕೇಳಿಸಿದಾಗ ಕಣ್ಣರಳಿಸಿದಳು.

“ಅಜ್ಜಿ, ಇದು ನಾನಾ?”

“ಮತ್ತೆ ಎಂತ, ನಾನಾ?”

ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆವು. ತಂಡದವರು ಇನ್ನೂ ಏನೂ ಹೇಳಿಲ್ಲ. ನಾನು ಮಾತ್ರ ಕದ್ರಿ ಪಾರ್ಕಿನಲ್ಲಿ ವಾಕಿಂಗಿಗೆ ಬರುವವರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ಕೇಳಿಸುತ್ತಿದ್ದೇನೆ. (ಕೆಲವರು ಈಗ ದಾರಿ ಬದಲಿಸಿದ್ದಾರೆ. ನಷ್ಟ ಅವರಿಗೇ.)

ಒಂದು ಮಾತ್ರ ಕೊರೆಯುತ್ತದೆ. ದೊಡ್ಡವರು ಅಂದಕ್ಕೆಂದು ಮಾಡಿಟ್ಟ ತಪ್ಪನ್ನು ತಮ್ಮದೆಂದುಕೊಂಡು, ಎಷ್ಟು ಮಕ್ಕಳು ಹಾಡುವುದನ್ನೇ ನಿಲ್ಲಿಸಿರಬಹುದು?