ತೀರಿಕೊಂಡವರ ಹೆಸರಿನಲ್ಲಿದ್ದ ವಿಳಾಸ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇಂಟರ್ನೆಟ್ಟಿನ ಹೆಸರುಗಳ ಬಗ್ಗೆ ನಮ್ಮ ಎಸ್.ಎಸ್. ಬಡಾವಣೆಯಲ್ಲಿ ನನ್ನಷ್ಟು ತಿಳಿದ ಮುದುಕಿ ಇನ್ನೊಬ್ಬಳಿಲ್ಲ. ಹೇಳಿಕೊಟ್ಟವಳು ಮೊಮ್ಮಗಳು. ಅವಳ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಸಹಿಸಿಕೊಳ್ಳಬೇಕು.

ನನ್ನದು ಶೇಂಗಾ ಚಟ್ನಿಪುಡಿಯ ವ್ಯಾಪಾರ. ಹೊರ ಊರಿನ ಗಿರಾಕಿಗಳಿಗೆಂದು ಹರಿಹರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ವೆಬ್‌ಸೈಟ್ ಮಾಡಿಸಿದ್ದೆ.

"ಮಾಲೀಕರು ಅಂತ ಯಾರ ಹೆಸರು ಹಾಕ್ಲಿ ಅಮ್ಮಾರೆ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಯಜಮಾನ್ರದೇ ಹಾಕಪ್ಪ."

ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಆದರೆ ಮನೆಯ ಕರೆಂಟ್ ಬಿಲ್ಲು, ನಲ್ಲಿ ಬಿಲ್ಲು, ಹೊಲದ ಪಹಣಿ ಎಲ್ಲ ಇವತ್ತಿಗೂ ಅವರ ಹೆಸರಿಗೇ ಬರುತ್ತವೆ. ಇದೊಂದು ಬೇರೆ ಯಾಕೆ ಎಂದುಕೊಂಡೆ. ಅವರ ಮೊಬೈಲ್ ನಂಬರನ್ನೇ ಕೊಟ್ಟೆ. ಪುಡಿ ಕುಟ್ಟುವ ಕೈ ನನ್ನದು ಎಂಬುದು ಆಗ ನನಗೂ ಹೊಳೆಯಲಿಲ್ಲ.

ಆಮೇಲೆ ಆ ನಂಬರಿಗೆ ಯಾರೂ ರೀಚಾರ್ಜ್ ಮಾಡಿಸಲಿಲ್ಲ, ಅದು ಬಂದ್ ಆಯಿತು. ಒಂದು ದಿನ ವೆಬ್‌ಸೈಟೂ ಮಾಯ.

"ಅಜ್ಜಿ, ವೆಬ್‌ಸೈಟಿನ ಹೆಸರು, ಅಂದ್ರೆ ಅದರ ವಿಳಾಸ, ಕೊಂಡ್ಕಂಡಂಗಲ್ಲ, ಬಾಡಿಗಿ ಹಿಡಿದಂಗೆ. ಅವಧಿ ಮುಗಿಯೋದ್ರೊಳಗೆ ಮುಂದುವರಿಸ್ಬೇಕು," ಎಂದಳು ಮೊಮ್ಮಗಳು. ಎಚ್ಚರಿಕೆಯ ಪತ್ರಗಳೆಲ್ಲ ಅಂಗಡಿಯವನು ಯಜಮಾನರ ಹೆಸರಿನಲ್ಲಿ ಮಾಡಿಕೊಟ್ಟಿದ್ದ ಇ-ಮೇಲ್‌ಗೆ ಬಂದು ಬಿದ್ದಿದ್ದವು. ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹೊಸದು ಬೇಕೆಂದರೆ ಒಟಿಪಿ ಹೋಗುವುದು ಆ ಸತ್ತ ನಂಬರಿಗೆ.

ಇಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು.

"ಮಾಲೀಕರು ಒಂದು ಲೆಟರ್‌ಗೆ ಸಹಿ ಹಾಕಿ ಕೊಟ್ರೆ ಸಾಕ್ರಿ," ಎಂದ ಅಂಗಡಿಯವನು.

"ಅವರ ಸಹಿ ತರಾಕೆ ನಾನು ಹೋದ್ರೆ ವಾಪಸ್ ಬರಾಕಾಗಲ್ಲಪ್ಪ. ನೀನೇ ಹೋಗಿ ಬಾ."

ಮೊಮ್ಮಗಳು ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಹೊಂದಿಸಿ ಹೆಸರು ಕೊಡುವ ಕಂಪನಿಗೆ ಕಳಿಸಿದಳು. ಉತ್ತರ ಬರುವುದರೊಳಗೆ ಬಿಡಿಸಿಕೊಳ್ಳಲು ಕೊಟ್ಟಿದ್ದ ಗಡುವೂ ಮುಗಿದು ನಮ್ಮ ಹೆಸರನ್ನು ಬೇರೆ ಯಾರೋ ಹಿಡಿದರು. ಈಗ ಅಲ್ಲಿ ಮೊಣಕಾಲು ನೋವಿನ ಎಣ್ಣೆ ಮಾರುತ್ತಾರೆ. ಪಿ.ಜೆ. ಬಡಾವಣೆಯ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ರಿ ಅಜ್ಜಿ, ಚಟ್ನಿ ಬಿಟ್ಟು ಎಣ್ಣೆಗೆ ಇಳಿದೀರಂತೆ?" ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಅತ್ತೆ.

ನನ್ನನ್ನು ಸಮಾಧಾನ ಮಾಡಲು ಮೊಮ್ಮಗಳು ಹಳೆಯ ಕಥೆ ಹೇಳಿದಳು. ಇಂಟರ್ನೆಟ್ ಇನ್ನೂ ಕೂಸಾಗಿದ್ದಾಗ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಪಟ್ಟಿಯಲ್ಲಿ ಇರುತ್ತಿದ್ದವಂತೆ. ಹೆಸರು ಬೇಕಾದವರು ಫೋನ್ ಮಾಡಿ ಬರೆಸಬೇಕಿತ್ತಂತೆ. ಆ ಪಟ್ಟಿ ಕಾಯುತ್ತಿದ್ದವರ ಮುಂದಾಳು ಒಬ್ಬ ಹೆಂಗಸಂತೆ! ಅಷ್ಟೂ ಹೆಸರು ಒಬ್ಬ ಹೆಂಗಸಿನ ಕೈಯಲ್ಲಿತ್ತು. ನಮ್ಮ ಮನೆಯ ಯಾವ ಕಾಗದದಲ್ಲೂ ನನ್ನ ಹೆಸರಿಲ್ಲ. ಸಮಾಧಾನ ಎಲ್ಲಿಂದ ಬರಬೇಕು?

ಕೊನೆಗೆ ಹೊಸ ಹೆಸರು ತೆಗೆದುಕೊಳ್ಳುವುದೆಂದಾಯಿತು. ಮೊಮ್ಮಗಳು ಲ್ಯಾಪ್‌ಟಾಪ್ ಮುಂದೆ ಕೂತಳು, ಮಾಲೀಕರ ಹೆಸರು ತುಂಬುವ ಜಾಗ ಬಂತು. ನನ್ನ ಮಗ, ಅವಳ ಅಪ್ಪ, ಬಾಗಿಲಲ್ಲೇ ನಿಂತು ಅಂದ: "ಅವ್ವಾ, ನನ್ನ ಹೆಸರಿಗಿರ್ಲಿ. ಅವಳು ನಾಳೆ ಮದುವಿಯಾಗಿ ಹೋಗೋಳು."

ಈ ಮಾತನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ, ತವರೂರು ಕುಕ್ಕುವಾಡದ ಹೊಲ ಅಣ್ಣಂದಿರ ಹೆಸರಿಗಾದ ದಿನ. ಆಗ ತಲೆ ತಗ್ಗಿಸಿ ರೊಟ್ಟಿ ತಟ್ಟುತ್ತಿದ್ದೆ.

"ಹೋದ್ರೆ ಹೆಸರು ತಗಂಡೇ ಹೋಗ್ಲಿ," ಎಂದೆ. "ನಿನಗೆ ಶೇಂಗಾ ಹುರಿಯಾಕಾದ್ರೂ ಬರ್ತತೇನು?"

ಮೊಮ್ಮಗಳು, "ನಿನ್ನ ಹೆಸರೇ ಹಾಕ್ತೀನಜ್ಜಿ," ಎಂದಳು.

"ಬ್ಯಾಡವ್ವ. ಮತ್ತೊಂದ್ಸಲ ಸತ್ತೋರ ಸಹಿ ಹುಡುಕ್ಕಂಡು ತಿರುಗ್ತೀಯಾ? ನಿಂದೇ ಹಾಕು."

ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಎದೆ ಉಬ್ಬಿತು, ಇಲ್ಲೂ ನನ್ನ ಹೆಸರಿಲ್ಲವಲ್ಲ ಎಂದು ಉರಿಯಿತು ಕೂಡ. ಮಗ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಇನ್ನೂ ಹಿಂದಿರುಗಿಲ್ಲ. ನಾನು ಮಾತ್ರ ಸೊಪ್ಪಿನವಳನ್ನೂ ಬಿಡದೆ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ: ನಮ್ಮ ಮನೆಯಲ್ಲಿ ಹೆಣ್ಣುಮಗಳ ಹೆಸರಿಗೆ ಒಂದು ವಿಳಾಸ ಆಗಿದೆ, ಇದೇ ಮೊದಲು.