ಡ್ರಮ್ಮಿನ ಮೀನಿಗೆ ಅಮ್ಮ ಆದ ದಿನ

ಮಧ್ಯಾಹ್ನ ಕೆಲಸ ಮುಗಿಸಿ ಕೊಟ್ಟೂರಿನ ಮನೆಗೆ ಬಂದವಳಿಗೆ ಬಾಗಿಲಲ್ಲಿ ಬೇವಿನ ಟೊಂಗೆ ಕಂಡಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆಯೂ ಇಲ್ಲ. ಎರಡಕ್ಕೂ ಒಂದೇ ಅರ್ಥ: ಮನೆಯಲ್ಲಿ ಯಾರಿಗೋ ಅಮ್ಮ ಆಗಿದೆ, ಮೈಮೇಲೆ ಗುಳ್ಳೆ ಎದ್ದಿವೆ. ಚಪ್ಪಲಿ ಎಲ್ಲಿ ಬಿಟ್ಟೆನೋ, ಓಡಿಹೋಗಿ ಮಗಳ ಅಂಗಿ ಎತ್ತಿ ನೋಡಿದೆ. ಕಚಗುಳಿ ಇಡುತ್ತಿದ್ದೇನೆಂದು ಅವಳು ಕಿಲಕಿಲ ನಕ್ಕಳು. ಮೈ ನುಣ್ಣಗಿತ್ತು.

"ಯಾರಿಗ್ರಿ ಅತ್ತಿ?" ಎಂದೆ.

"ಮೀನಿಗೆ ಆಗೈತಿ ನೋಡು, ಪಾಪ," ಎಂದರು ಅತ್ತೆ.

ನನಗೆ ನಗು ಬಂತು. ಮಾಳಿಗೆ ಹತ್ತುವಷ್ಟರಲ್ಲಿ ಅದು ನಿಂತೂ ಹೋಯಿತು.

ಮಾಳಿಗೆಯ ಮೇಲೆ ನನ್ನದೊಂದು ಹುಚ್ಚು ಇದೆ. ನೀಲಿ ಡ್ರಮ್ಮಿನಲ್ಲಿ ಜಿಲೇಬಿ ಮೀನು, ಅದರ ಪಕ್ಕಕ್ಕೆ ಎತ್ತರದಲ್ಲಿ ಜಲ್ಲಿಕಲ್ಲು ತುಂಬಿದ ತೊಟ್ಟಿಯಲ್ಲಿ ಮೆಂತ್ಯ, ಪಾಲಕ್. ಮೀನಿನ ಹೊಲಸು ನೀರನ್ನು ಪಂಪು ಮೇಲಕ್ಕೆ ಎತ್ತುತ್ತದೆ. ಸೊಪ್ಪು ಆ ಹೊಲಸನ್ನು ಉಂಡು, ನೀರನ್ನು ತಿಳಿಮಾಡಿ ಕೆಳಗೆ ಬಿಡುತ್ತದೆ. ನಾವು ಮೀನು ತಿನ್ನುವವರಲ್ಲ. "ಮನ್ಯಾಗ ಮೀನಾ? ಮಂದಿ ಏನಂದಾರು!" ಎಂದು ಮೊದಲು ಮೂಗು ಮುರಿದ ಅತ್ತೆಯೇ ಈಗ ಅವಕ್ಕೆ ಕಾಳು ಹಾಕದೆ ತಾವು ಚಹಾ ಕುಡಿಯುವುದಿಲ್ಲ.

ಆ ವಾರ ಹವೆ ಹಟ ಹಿಡಿದಿತ್ತು. ಬೆಳಗಿನ ಜಾವ ಹಲ್ಲು ಕಟಕಟಿಸುವ ಥಂಡಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಡ್ರಮ್ಮಿಗೆ ಗೋಣಿಚೀಲ ಸುತ್ತಿದ್ದೆ, ಆದರೂ ನೀರು ಹವೆಯ ಜೊತೆಗೇ ಕಾದು ತಣಿಯುತ್ತಿತ್ತು. ಹಾಗಾದರೆ ಮೀನಿನ ಕಸುವು ಇಳಿದು ಮೈಮೇಲೆ ಬಿಳಿ ಚುಕ್ಕೆ ಏಳುತ್ತವೆಂದು ನನಗೆ ಗೊತ್ತಿತ್ತು. ಅತ್ತೆಗೆ ಆ ಚುಕ್ಕೆಗಳಲ್ಲಿ ಅಮ್ಮ ಕಂಡಿದ್ದಳು. ಹಿಂದೆ ತಮ್ಮ ಮಕ್ಕಳಿಗೆ ಮಾಡಿದ ಆರೈಕೆಯನ್ನೇ ಮಾಡಿದ್ದರು: ಬೇವಿನ ಸೊಪ್ಪು ಅರೆದು ನೀರಿಗೆ ಕದಡಿದ್ದರು.

ಅಷ್ಟು ಬೇವಿನ ರಸ ಮೀನಿಗೆ ವಿಷ. ಅವು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಸಿಟ್ಟೂ ಹೆದರಿಕೆಯೂ ಒಟ್ಟಿಗೇ ಬಂದು, ಅರೆದ ಬೇವನ್ನು ನೀರಿನಿಂದ ಬಾಚಿ ಬಾಚಿ ಎಸೆಯತೊಡಗಿದೆ.

"ಅಮ್ಮನ್ನ ಎದುರು ಹಾಕ್ಕೋಬ್ಯಾಡ ಯವ್ವಾ, ಮನ್ಯಾಗ ಕೂಸು ಐತಿ!" ಅತ್ತೆ ನನ್ನ ರಟ್ಟೆ ಹಿಡಿದರು.

"ಅಮ್ಮ ಅಲ್ರಿ ಅದು, ಥಂಡಿಗೆ ಬಂದೈತಿ! ಈ ರಸಕ್ಕ ಸಾಯ್ತಾವ್ರಿ!"

ಅವರ ಹಿಡಿತ ಸಡಿಲಾಯಿತು.

ಅರ್ಧ ನೀರು ಹೊರಹಾಕಿದೆ. ನಲ್ಲಿಯ ತಣ್ಣೀರನ್ನು ಒಮ್ಮೆಲೇ ಸುರಿದರೆ ಆ ಪೆಟ್ಟಿಗೇ ಅವು ಹೋಗಿಬಿಡುತ್ತವೆ. ಹಿಂದಿನ ದಿನ ತುಂಬಿಟ್ಟ ನೀರಿಗೆ ಬಿಸಿನೀರು ಬೆರೆಸಿ, ಮುಟ್ಟಿ ಮುಟ್ಟಿ ನೋಡಿ, ಚರಿಗೆಯಿಂದ ಸ್ವಲ್ಪ ಸ್ವಲ್ಪವೇ ಹಾಕಿದೆ. ಕಡೆಗೆ ಸಣ್ಣವು ಕೆಳಗಿಳಿದು ಈಜತೊಡಗಿದವು. ಅತ್ತೆಯ ಬೆರಳ ತುದಿಯಿಂದಲೇ ಕಾಳು ತಿನ್ನುತ್ತಿದ್ದ ದೊಡ್ಡದು ಮಾತ್ರ ಮಗ್ಗುಲಾಗಿ ತೇಲಿತು.

"ನಾನ ಕೊಂದ್ನೇನವ್ವ?" ಎಂದರು ಅತ್ತೆ.

ಅವರು ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈ ಇಳಿಸಿ, ಮೀನನ್ನು ಎರಡೂ ಅಂಗೈಯಲ್ಲಿ ನೆಟ್ಟಗೆ ಹಿಡಿದು, ತೊಟ್ಟಿಯಿಂದ ಬೀಳುವ ನೀರಿಗೆ ಅದರ ಬಾಯಿ ತಿರುಗಿಸಿ ನಿಂತರು. ಕಿವಿರು ಒಮ್ಮೆ ಅಲುಗಿತು. ಬಹಳ ಹೊತ್ತು ಸುಮ್ಮನಿತ್ತು. ಮತ್ತೆ ಅಲುಗಿತು. ಬಿಸಿಲು ಇಳಿದು ಗಾಳಿ ತಣ್ಣಗಾಯಿತು. ಅಲ್ಲವೇ ಅಲ್ಲವೆಂದು ಕೂಗಾಡಿದ್ದ ನಾನು ಅದೇ ಅಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಸಾಕು ಬಿಡ್ರಿ ಅತ್ತಿ, ಕೈ ಸೆಟೀತಾವ."

"ಬಿಟ್ರ ಮಲಕ್ಕೊಂತೈತಿ," ಎಂದರು, ನೀರಿನಿಂದ ಕಣ್ಣು ಕೀಳದೆ.