ಗ್ರೇಸಿಯ ಕಣ್ಣಿನ ಪಟ್ಟಿ

1997ರಲ್ಲಿ ನಾನು ಜಯನಗರದ ಒಂದು ಸಣ್ಣ ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿದ್ದೆ. ದೃಷ್ಟಿ ಪರೀಕ್ಷಿಸುವುದು, ಮಕ್ಕಳ ಕಣ್ಣಿಗೆ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಮಕ್ಕಳಿಗಿಂತ ಹೆತ್ತವರನ್ನು ಸಂಭಾಳಿಸುವುದೇ ಕಷ್ಟ ಎಂಬುದು ಆ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಾಗಿತ್ತು.

ಆಗಸ್ಟಿನಲ್ಲಿ ಬನಶಂಕರಿಯಿಂದ ಶಾಂತಾ ಎಂಬುವರು ಆರು ವರ್ಷದ ಮಗಳು ಗ್ರೇಸಿಯನ್ನು ಕರೆತಂದರು. ಎಡಗಣ್ಣಿನ ದೃಷ್ಟಿ 6/36. ಎಂದರೆ, ಬೇರೆಯವರು ಮೂವತ್ತಾರು ಮೀಟರ್ ದೂರದಿಂದ ಓದುವ ಅಕ್ಷರವನ್ನು ಆ ಕಣ್ಣು ಆರು ಮೀಟರಿಗೆ ಬಂದರಷ್ಟೇ ಗುರುತಿಸುತ್ತಿತ್ತು. ಇದು ಆಂಬ್ಲಿಯೋಪಿಯಾ, ಸೋಮಾರಿ ಕಣ್ಣು. ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಅಂಟಿಸಿ, ಸೋಮಾರಿಯಿಂದಲೇ ಕೆಲಸ ಮಾಡಿಸಬೇಕು. ವಯಸ್ಸು ಏಳೆಂಟು ದಾಟಿದರೆ ಫಲ ಕಡಿಮೆ. ದಿನಕ್ಕೆ ಎರಡು ಗಂಟೆ ಪಟ್ಟಿ ಹಾಕಿ, ಆಗ ಓದಿಸಿ, ಚಿತ್ರ ಬರೆಸಿ ಎಂದು ಶಾಂತಾ ಅವರಿಗೆ ಹೇಳಿ ಕಳಿಸಿದೆ.

ಡಿಸೆಂಬರಿನಲ್ಲಿ ತಂದೆ ದೇವಪ್ರಸಾದ್ ಅವರೂ ಜೊತೆಗೆ ಬಂದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್, ತಮ್ಮ ಚರ್ಚಿನ ಸಭೆಯಲ್ಲಿ ಹಿರಿಯರು. ಗ್ರೇಸಿಯ ದೃಷ್ಟಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

"ಕಣ್ಣು ಸುಧಾರಿಸಿಲ್ಲ ಅಂದ್ರೆ ಕದ್ದು ಪಟ್ಟಿ ತೆಗೀತಾಳೆ ಅಂತಲೇ ಅರ್ಥ ಮೇಡಂ. ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳ್ತಾಳೆ. ಅವಿಧೇಯತೆ ನಮ್ಮನೇಲಿ ನಡಿಯಲ್ಲ. ಈ ಸಲ ಕ್ರಿಸ್ಮಸ್ ಹಾಡಿಗೆ ಕಳಿಸಲ್ಲ ಅಂದಿದ್ದೀನಿ," ಎಂದರು.

ಗ್ರೇಸಿ ತಲೆ ತಗ್ಗಿಸಿ ಕುಳಿತಿದ್ದಳು. ಕಣ್ಣೂ ಹೋಗಿ, ಸುಳ್ಳುಗಾತಿ ಎಂಬ ಹೆಸರೂ ಬರುವುದರಲ್ಲಿತ್ತು. ನನಗೆ ಸಂಕಟವಾಯಿತು.

"ಪಟ್ಟಿ ಹಾಕ್ಕೊಂಡು ಏನ್ ಮಾಡ್ತೀಯ ಪುಟ್ಟಿ?" ಎಂದು ಕೇಳಿದೆ.

"ಪ್ರಾರ್ಥನೆ, ಆಂಟಿ."

ನಾನೂ ಸಭೆಗೆ ಹೋಗುವ ಮನೆಯಲ್ಲೇ ಬೆಳೆದವಳು. ತಟ್ಟನೆ ಅನುಮಾನ ಬಂತು. "ಆಗ ಕಣ್ಣು?"

"ಮುಚ್ಕೊಂಡಿರ್ತೀನಿ. ಅಜ್ಜಿ ಆಮೆನ್ ಹೇಳೋವರೆಗೂ ಬಿಡಬಾರದು ಅಂತ ಅಪ್ಪ ಹೇಳಿದಾರೆ."

ಆಗ ಎಲ್ಲ ಹೊರಬಿತ್ತು. ಶಿಸ್ತಿನ ಕೆಲಸಗಳೆಲ್ಲ ಒಂದೇ ಹೊತ್ತಿಗೆ ಮುಗಿಯಲಿ ಎಂದು ಕುಟುಂಬ ಪ್ರಾರ್ಥನೆಯ ವೇಳೆಗೇ ಪಟ್ಟಿ ಹಾಕಿಸಿದ್ದರು ತಂದೆ. ಅಜ್ಜಿಯ ಪ್ರಾರ್ಥನೆ ಊರವರೆಲ್ಲರ ಹೆಸರು ಮುಗಿಯದೆ ನಿಲ್ಲುತ್ತಿರಲಿಲ್ಲ. ಆಮೇಲೆ ಊಟ, ತೂಕಡಿಕೆ. ಪಾಪ, ಆ ಸೋಮಾರಿ ಕಣ್ಣಿಗೆ ಸಿಗುತ್ತಿದ್ದ ಕೆಲಸವೆಂದರೆ ಸಾರನ್ನ ನೋಡುವುದಷ್ಟೆ. ಓದಿಸಬೇಕೆಂಬುದು ಶಾಂತಾ ಅವರಿಗೆ ನೆನಪಿತ್ತು. ಆದರೆ ಯಜಮಾನರು ಗೊತ್ತುಮಾಡಿದ ವೇಳೆಗೆ ಅವರು ಎದುರಾಡಿರಲಿಲ್ಲ. ಆ ಮನೆಯಲ್ಲಿ ವಿಧೇಯತೆಗೆ ಬರವಿರಲಿಲ್ಲ.

ದೇವಪ್ರಸಾದ್ ಅವರು ಹೆಂಡತಿ, ಮಗಳನ್ನು ಹೊರಗೆ ಕೂರಿಸಿ ಬಂದರು. "ಈಗ ನಾನು ಕ್ಷಮೆ ಕೇಳಿದ್ರೆ, ನಾಳೆಯಿಂದ ನನ್ನ ಮಾತು ಕೇಳ್ತಾಳಾ ಮೇಡಂ?" ಎಂದರು. ಅಹಂಕಾರದಿಂದಲ್ಲ, ನಿಜವಾದ ಭಯದಿಂದ.

"ಇಷ್ಟು ದಿನ ನೀವು ಹೇಳಿದ್ದನ್ನ ಚಾಚೂ ತಪ್ಪದೆ ಕೇಳಿದಾಳೆ ಸಾರ್. ಕೇಳಿದ್ದಕ್ಕೇ ಶಿಕ್ಷೆ ಆದ್ರೆ ಮುಂದೆ ಯಾಕೆ ಕೇಳ್ತಾಳೆ?" ಎಂದೆ.

ಅವರು ಎದ್ದು ಹೋಗಿ ಇಬ್ಬರನ್ನೂ ಒಳಗೆ ಕರೆದು, ಮಕ್ಕಳ ಗಿಡ್ಡ ಸ್ಟೂಲಿನ ಮೇಲೆ ಮಗಳೆದುರು ಕುಳಿತರು. "ಗ್ರೇಸಿ, ನೀನು ಸುಳ್ಳು ಹೇಳಿರ್ಲಿಲ್ಲ. ತಪ್ಪು ನಂದು. ಕ್ಷಮಿಸ್ತೀಯಾ?"

ಮಗು ಕಕ್ಕಾಬಿಕ್ಕಿಯಾಗಿ ತಾಯಿಯ ಮುಖ ನೋಡಿತು. ಆಮೇಲೆ, "ಹಾಡೋಕೆ ಹೋಗ್ಬಹುದಾ?" ಎಂದಿತು. ತಂದೆ ಹೂಂ ಎಂದು ತಲೆಯಾಡಿಸಿದರು.

ಅಂದಿನಿಂದ ಪಟ್ಟಿ ಶಾಲೆ ಬಿಟ್ಟ ಮೇಲೆ, ಪುಸ್ತಕ, ಬಣ್ಣಗಳ ಜೊತೆಗೆ. ಏಪ್ರಿಲ್ ಹೊತ್ತಿಗೆ ದೃಷ್ಟಿ 6/12ಕ್ಕೆ ಬಂತು. ಆ ಭೇಟಿಯಲ್ಲಿ ಗ್ರೇಸಿ ತಾನಾಗಿಯೇ ಹೇಳಿದಳು: "ಆಂಟಿ, ಮೊನ್ನೆ ನಿಜವಾಗ್ಲೂ ಪಟ್ಟಿ ತೆಗೆದು ಇಣುಕಿ ನೋಡ್ದೆ. ಅಪ್ಪಂಗೆ ಹೇಳ್ಬಿಟ್ಟೆ."

"ಬೈದ್ರಾ?"

"ಇಲ್ಲ. ಮತ್ತೆ ಅಂಟಿಸಿದ್ರು."

ಆಮೇಲೆ ಎಷ್ಟೋ ವರ್ಷ ಆ ಕೆಲಸ ಮಾಡಿದೆ. ಮಗು ಮಾತು ಕೇಳುವುದಿಲ್ಲ ಎಂದು ಯಾರು ದೂರಿದರೂ, ನೀವು ಹೇಳಿದ್ದೇನು ಎಂದು ಮೊದಲು ಕೇಳುತ್ತಿದ್ದೆ. ತಪ್ಪು ಮಾಡಿದ ಮಗು ಬಚ್ಚಿಟ್ಟುಕೊಳ್ಳದೆ ಅಪ್ಪನ ಹತ್ತಿರವೇ ಬಂದು ಹೇಳುವಂತಿದ್ದರೆ, ಆ ಮನೆಯಲ್ಲಿ ವಿಧೇಯತೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.